ಹಡಗು ಧಕ್ಕೆಗೆ (ಹಡಗುಕಟ್ಟೆಗೆ) ತಾಗದಿದ್ದರೆ ಸ್ವಂತವಾಗಿ ದಡ ಸೇರುವುದು ಹೇಗೆ?

ನಮ್ಮ ಕಾಸರಗೋಡಿನವರಿಗೆ ಹತ್ತಿರವಿರುವ ಪಣಂಬೂರಿನಂತಹ ಆಳದ ಬಂದರಿನಲ್ಲಿ ವಿಹಾರನೌಕೆ ಧಕ್ಕೆಗೇ ತಾಗಿ ನಿಲ್ಲುವುದರಿಂದ, ಹಡಗಿನವರು ಊರು ತೋರಿಸಲು ಏರ್ಪಡಿಸುವ ತಂಡದ ಪ್ರವಾಸಕ್ಕೆ ಹಣ ಕಟ್ಟದವರೂ ಹಡಗಿನ ಕಾರ್ಡ್ ತೋರಿಸಿ ಇಳಿದು ತಮ್ಮಷ್ಟಕ್ಕೆ ಊರು ನೋಡಬಹುದು.

ಗ್ರೀಸಿನ ಸ್ಯಾಂಟೊರಿನಿಯಲ್ಲಿ ಹಾಗಲ್ಲ. ಅಲ್ಲಿ ಹಡಗು ದಡಕ್ಕೆ ಬಾರದೆ ದೂರದ ನೀರಿನಲ್ಲೇ ನಿಲ್ಲುತ್ತದೆ. ಜನರನ್ನು ದಡಕ್ಕೆ ಸಾಗಿಸುವುದು ಟೆಂಡರ್ ಎಂಬ ಸಣ್ಣ ದೋಣಿಗಳು. ಸಾಮಾನ್ಯವಾಗಿ ಹಡಗಿನದೇ ಪ್ರವಾಸ ಕೊಂಡವರಿಗೆ ಮೊದಲ ಸರದಿ, ಉಳಿದವರಿಗೆ ಟೋಕನ್. ಅಲೆಗೆ ದೋಣಿ ಏರಿಳಿಯುತ್ತಿರುವಾಗ ನಾವಿಕರು ಮುಂಗೈ ಹಿಡಿದು ದಾಟಿಸುತ್ತಾರೆ (ಕಡವಿನ ದೋಣಿ ಹತ್ತಿದವರಿಗೆ ಇದು ಹೊಸತೇನಲ್ಲ), ಆದರೆ ಗಾಲಿಕುರ್ಚಿಯವರಿಗೆ ಕಷ್ಟ. ಹಳೆ ಬಂದರಿನಿಂದ ಫಿರಾ ಊರಿಗೆ ಕೇಬಲ್ ಕಾರ್ ಅಥವಾ ಸುಮಾರು 600 ಮೆಟ್ಟಿಲು. ಸಂಜೆ ಕೆಳಗಿಳಿಯುವ ಸಾಲು ಬಹಳ ಉದ್ದವಾಗುವುದರಿಂದ ಕೊನೆಯ ಟೆಂಡರಿಗಿಂತ ಎರಡು ಗಂಟೆ ಮೊದಲೇ ಹೊರಡುವುದು ಕ್ಷೇಮ. ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ.