ತೂಕ ಯಾಕೆ ಪ್ರಿಂಟ್ ಆಗುತ್ತಿಲ್ಲ: ಪ್ರತಿಕ್ರಿಯೆ
ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ಲಾಟ್‌ಗೆ ನಿಮ್ಮ ಪ್ರೋಗ್ರಾಮ್‌ನಲ್ಲಿ ಮಾಡಿದ ಕ್ಲಾಸ್‌ನಲ್ಲಿ ಎಲ್ಲ ಪ್ರಾಪರ್ಟಿಗಳ ಹೆಸರು, ವ್ಯಾಲ್ಯೂ ಒಂದೇ ಲೂಪ್‌ನಲ್ಲಿ ಬೇಕು, ಆದರೆ ತೂಕ ಮಾತ್ರ ಬರುತ್ತಿಲ್ಲ ಅಂದಿದ್ದೀರಿ. ಸಿ ಶಾರ್ಪ್ ಅಲ್ವಾ ಸರ್, ರಿಫ್ಲೆಕ್ಷನ್ (ಕ್ಲಾಸ್‌ನಲ್ಲಿ ಏನೇನಿದೆ ಅಂತ ಪ್ರೋಗ್ರಾಮ್ ಓಡುವಾಗಲೇ ನೋಡುವ ಸೌಲಭ್ಯ) ಸಾಕು. ಲಾಟ್ ಮೇಲೆ ಗೆಟ್‌ಟೈಪ್, ಅದರ ಮೇಲೆ ಗೆಟ್‌ಪ್ರಾಪರ್ಟೀಸ್ ಕರೆಯಿರಿ. ಫಾರ್‌ಈಚ್‌ನಲ್ಲಿ ಒಂದೊಂದರ ನೇಮ್‌ನಿಂದ ಹೆಸರು ಸಿಗುತ್ತದೆ, ಗೆಟ್‌ವ್ಯಾಲ್ಯೂಗೆ ಅದೇ ಲಾಟ್ ಕೊಟ್ಟರೆ ವ್ಯಾಲ್ಯೂ.

ಈಗ ತೂಕದ ವಿಷಯ. ನೀವು ಹಾಕಿದ ಕೋಡ್‌ನಲ್ಲಿ ಅದಕ್ಕೆ ಗೆಟ್, ಸೆಟ್ ಇಲ್ಲ, ಬರೀ ಸೆಮಿಕೋಲನ್ ಹಾಕಿ ಮುಗಿಸಿದ್ದೀರಿ, ಹಾಗಾಗಿ ಅದು ಪ್ರಾಪರ್ಟಿ ಅಲ್ಲ, ಫೀಲ್ಡ್ (ಬರೀ ವೇರಿಯಬಲ್), ಗೆಟ್‌ಪ್ರಾಪರ್ಟೀಸ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಗೆಟ್, ಸೆಟ್ ಸೇರಿಸಿಬಿಡಿ. ಪ್ರೈವೇಟ್ ಇರುವವೂ ಬೇಕಾದರೆ ಗೆಟ್‌ಪ್ರಾಪರ್ಟೀಸ್‌ಗೆ ಯಾವ್ಯಾವುದು ಬೇಕು ಅಂತ ಹೇಳುವ ಬೈಂಡಿಂಗ್‌ಫ್ಲ್ಯಾಗ್ಸ್‌ನಲ್ಲಿ ಪಬ್ಲಿಕ್, ನಾನ್‌ಪಬ್ಲಿಕ್ ಜೊತೆ ಇನ್‌ಸ್ಟನ್ಸ್ ಕೂಡ ಕೊಡಬೇಕು. ಇನ್‌ಸ್ಟನ್ಸ್ ಬಿಟ್ಟರೆ ಖಾಲಿ ಅರೇ (ಪಟ್ಟಿ) ಬರುತ್ತದೆ, ಎರರ್ ಕೂಡ ಇಲ್ಲ, ಸುಮ್ನೆ ತಲೆ ಕೆಡುತ್ತದೆ.

ದರ ಇನ್ನೂ ಬೀಳದ ಲಾಟ್ ಇರುತ್ತವಲ್ಲ, ಅಲ್ಲಿ ವ್ಯಾಲ್ಯೂ ನಲ್ (ಏನೂ ಇಲ್ಲ) ಬರಬಹುದು. ವ್ಯಾಲ್ಯೂವನ್ನು ಪಠ್ಯ ಮಾಡುವ ಟುಸ್ಟ್ರಿಂಗ್‌ನ ಚುಕ್ಕಿಗೆ ಮುಂಚೆ ಪ್ರಶ್ನೆ ಚಿಹ್ನೆ ಹಾಕಿ, ಇಲ್ಲದಿದ್ದರೆ ಅಲ್ಲಿ ಎರರ್ ಬರುತ್ತದೆ. ಸಿ ಶಾರ್ಪ್ ಓಡಿಸುವ ಡಾಟ್‌ನೆಟ್ 7ಕ್ಕಿಂತ ಹಳೆಯದಾದರೆ ಪ್ರಾಪರ್ಟಿಗಳು ಬರುವ ಕ್ರಮವನ್ನು ನಂಬಿ ಬಿಲ್ಲಿನ ಕಾಲಂ ಜೋಡಿಸಬೇಡಿ. ಲಾಟ್ ಜಾಸ್ತಿ ಇದ್ದರೆ ಗೆಟ್‌ಪ್ರಾಪರ್ಟೀಸ್ ಕೊಡುವ ಅರೇಯನ್ನು ಲೂಪ್‌ನ ಹೊರಗೆ ಒಮ್ಮೆ ತೆಗೆದಿಟ್ಟುಕೊಳ್ಳಿ, ಪ್ರತಿ ಲಾಟ್‌ಗೂ ಮತ್ತೆ ಕರೆಯಬೇಡಿ.