ಸಂಜೆಯ ರಚ್ಚೆ, ಕಾರಿನಲ್ಲಿ ಇಪ್ಪತ್ತು ನಿಮಿಷ

ಪ್ರಶ್ನೆ: ನಮ್ಮ ಮಗಳಿಗೆ ಈಗ ಐದು ವಾರ. ಇಬ್ಬರೂ ಆಸೆಪಟ್ಟು ಪಡೆದ ಮಗು. ಮೊದಲ ಎರಡು ವಾರ ಹಾಲು ಕುಡಿದು ಮಲಗುತ್ತಿದ್ದವಳು ಆಮೇಲೆ ಅಳುವುದನ್ನೇ ಹಿಡಿದುಬಿಟ್ಟಳು. ನಾನು ಕೆಲಸ ಮುಗಿಸಿ ಬಂದು ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಶುರು. ರಾತ್ರಿ ಹತ್ತೂವರೆಯವರೆಗೆ ನಿಲ್ಲುವುದಿಲ್ಲ. ನನ್ನ ಕೈಗೆ ಬಂದರಂತೂ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಾಳೆ. ಸಹಾಯಕ್ಕೆಂದು ಬಂದಿರುವ ಅತ್ತೆ ಎತ್ತಿಕೊಂಡರೆ ಕೆಲವೊಮ್ಮೆ ಸುಮ್ಮನಾಗುತ್ತಾಳೆ. ಮಗುವಿಗೆ ನಾನೆಂದರೆ ಆಗುವುದಿಲ್ಲ ಎನಿಸಿಬಿಟ್ಟಿದೆ. ವೈದ್ಯರಿಗೆ ತೋರಿಸಿದೆವು, ತೂಕ ಸರಿಯಾಗಿ ಏರುತ್ತಿದೆ, ಏನೂ ತೊಂದರೆಯಿಲ್ಲ ಎಂದರು. ಹಾಲು ಸಾಲುತ್ತಿಲ್ಲ ಎಂಬುದು ಅತ್ತೆಯ ಮಾತು. ಕಳೆದ ವಾರ ಒಂದು ರಾತ್ರಿ ತಡೆಯಲಾಗದೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಅದನ್ನು ಕಂಡ ಹೆಂಡತಿ ಎರಡು ದಿನ ಮಾತನಾಡಲಿಲ್ಲ. ಈಗ ದಿನವೂ ಮನೆಯ ಕೆಳಗೆ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಒಳಗೇ ಕುಳಿತಿರುತ್ತೇನೆ. ರಸ್ತೆಯಲ್ಲಿ ವಾಹನಗಳ ಸಾಲು ಇತ್ತೆಂದು ಸುಳ್ಳು ಹೇಳುತ್ತೇನೆ. ಇದನ್ನು ಆಕೆಗೆ ಹೇಳಬೇಕೆ? ಸ್ವಂತ ಮಗುವಿನ ಮೇಲೆ ಪ್ರೀತಿ ಹುಟ್ಟದ ಅಪ್ಪ ನಾನೊಬ್ಬನೇ ಇರಬೇಕು.
– ಹೆಸರು ಬೇಡ

ಉತ್ತರ: ಕಾರಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಡಿಯಾರ ನೋಡೋಣ.

ನೀವೇ ಬರೆದು ನೀವೇ ಗಮನಿಸದೆ ಬಿಟ್ಟ ಸಂಗತಿಯೊಂದು ನಿಮ್ಮ ಪತ್ರದಲ್ಲಿದೆ. ಎರಡು ವಾರದವರೆಗೆ ನೆಮ್ಮದಿ, ಆಮೇಲೆ ಅಳು, ಅದೂ ಸಂಜೆಗೆ ಶುರುವಾಗಿ ರಾತ್ರಿ ಹತ್ತೂವರೆಯವರೆಗೆ. ಬ್ರೇಜಲ್ಟನ್ ಎಂಬ ಅಮೆರಿಕದ ಮಕ್ಕಳ ವೈದ್ಯರು 80 ಹಸುಗೂಸುಗಳ ತಾಯಂದಿರಿಂದ ಅಳುವಿನ ಲೆಕ್ಕ ಬರೆಸಿ 1962ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿದ್ದ ಆ ಕೂಸುಗಳು ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತಿದ್ದವು. ಆರನೆಯ ವಾರಕ್ಕೆ ಅದು ಎರಡೂಮುಕ್ಕಾಲು ಗಂಟೆಗೆ ಏರಿ, ಅಲ್ಲಿಂದ ಇಳಿಯುತ್ತ ಹೋಯಿತು. ಹೆಚ್ಚಿನ ಅಳು ಸಂಜೆಯ ಹೊತ್ತಿನಲ್ಲೇ. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲೂ ಹೆಚ್ಚುಕಡಿಮೆ ಇದೇ ಏರಿಳಿತ ಕಂಡಿದೆ. ನಿಮ್ಮ ಮಗಳು ಐದನೆಯ ವಾರದಲ್ಲಿದ್ದಾಳೆ. ಅವಳು ಹತ್ತುತ್ತಿರುವುದು ಎಲ್ಲ ಕೂಸುಗಳೂ ಹತ್ತುವ ಗುಡ್ಡವನ್ನೇ. ತುದಿ ಇನ್ನೊಂದೆರಡು ವಾರ ದೂರದಲ್ಲಿದೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಬಹುಪಾಲು ಮಕ್ಕಳು ಕೆಳಗಿಳಿದಿರುತ್ತವೆ.

ಅಂದರೆ ಮಗು ರಚ್ಚೆ ಹಿಡಿಯುವ ಹೊತ್ತೂ ನೀವು ಮನೆಗೆ ಬರುವ ಹೊತ್ತೂ ಒಂದೇ. ನೀವು ಬಂದಿರೆಂದು ಅವಳು ಅಳುತ್ತಿಲ್ಲ. ಅವಳು ಅಳುವ ಹೊತ್ತಿಗೆ ನೀವು ಬರುತ್ತಿದ್ದೀರಿ. ದಿನದ ಅತಿ ಕೆಟ್ಟ ಮೂರು ಗಂಟೆಗಳನ್ನು ಬಿಟ್ಟರೆ ನಿಮಗೆ ನಿಮ್ಮ ಮಗಳ ಪರಿಚಯವೇ ಇಲ್ಲ. ಬೆಳಗ್ಗೆ ಹತ್ತು ಗಂಟೆಗೆ ಅವಳು ಹೇಗಿರುತ್ತಾಳೆ? ಕಿಟಕಿಯ ಬೆಳಕಿನ ಕಡೆಗೆ ಕಣ್ಣು ನೆಟ್ಟು, ಮುಷ್ಟಿಯನ್ನು ಬಾಯಿಗೆ ತರಲು ಹೋಗಿ ಕಿವಿಗೆ ತಾಗಿಸಿಕೊಂಡು ತಾನೇ ಬೆಚ್ಚುವ ಕೂಸನ್ನು ನೀವು ನೋಡಿದ್ದೀರಾ? ಮುಂದಿನ ರಜೆಯ ದಿನ ಬೆಳಗ್ಗೆ ಹಾಲು ಕುಡಿಸಿದ ಮೇಲೆ ಅವಳನ್ನು ಎತ್ತಿಕೊಳ್ಳಿ. ಅರ್ಧ ಗಂಟೆ ಸಾಕು. ಇದನ್ನು ಮದ್ದೆಂದು ಹೇಳುತ್ತಿಲ್ಲ, ಪರಿಚಯ ಮಾಡಿಕೊಳ್ಳಿ ಎನ್ನುತ್ತಿದ್ದೇನೆ.

ಇನ್ನು 'ನಾನೆಂದರೆ ಆಗುವುದಿಲ್ಲ' ಎಂಬ ಮಾತು. ಐದು ವಾರದ ಕೂಸಿಗೆ ಒಂದು ಗೇಣಿಗಿಂತ ಸ್ವಲ್ಪ ದೂರದವರೆಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಯಾರ ಮೇಲೆ ಮುನಿಸಿಕೊಳ್ಳಬೇಕೆಂದು ತೀರ್ಮಾನಿಸುವ ಸಾಮರ್ಥ್ಯ ಆ ಪುಟ್ಟ ತಲೆಗೆ ಬರಲು ಇನ್ನೂ ಬಹಳ ಕಾಲ ಬೇಕು. ಬೆನ್ನು ಬಗ್ಗಿಸುವುದು, ಮುಖ ಕೆಂಪಗಾಗುವುದು, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುವುದು ಎಲ್ಲ ಜೋರಾಗಿ ಅಳುವ ಮೈಯ ಚರ್ಯೆಗಳು. ಅತ್ತೆಯ ಕೈಯಲ್ಲಿ 'ಕೆಲವೊಮ್ಮೆ' ಸುಮ್ಮನಾಗುತ್ತಾಳೆ ಎಂದು ನೀವೇ ಬರೆದಿದ್ದೀರಿ. ಸುಮ್ಮನಾಗದ ಸಲಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಜೊತೆಗೆ, ನೀವು ಮುಕ್ಕಾಲು ಗಂಟೆ ಹೊತ್ತು ತಿರುಗಿ, ಅಳು ತಾನಾಗಿಯೇ ಇಳಿಯುವ ಹೊತ್ತಿಗೆ ಅತ್ತೆಗೆ ಒಪ್ಪಿಸುತ್ತಿರಬಹುದು. ಕೀರ್ತಿ ಕೊನೆಯ ಓವರ್ ಆಡಿದವರಿಗೆ.

ಇದಕ್ಕೊಂದು ಹೆಸರಿದೆ: ಕೋಲಿಕ್. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಎಂಬ ಅಳತೆ 1954ರಿಂದ ಬಂದದ್ದು. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಹೊಟ್ಟೆಯ ಗಾಳಿಯೇ ಕಾರಣ ಎನ್ನುವವರು ಬಹಳ ಮಂದಿ. ಆದರೆ ಅಳುತ್ತ ಅಳುತ್ತ ಮಗು ಗಾಳಿ ನುಂಗುವುದೂ ನಿಜ, ಹಾಗಾಗಿ ಯಾವುದು ಮೊದಲು ಎಂದು ಹೇಳುವುದು ಕಷ್ಟ. ಗಾಳಿ ಕರಗಿಸಲೆಂದು ಕೊಡುವ ಸಿಮೆಥಿಕೋನ್ ಹನಿಗಳು ಪರೀಕ್ಷೆಗಳಲ್ಲಿ ಔಷಧವಿಲ್ಲದ ಹನಿಗಳಿಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ಸಮಾಧಾನವಾಗುವುದು ಬಾಟಲಿ ಕೊಂಡು ತಂದವರಿಗೆ. ಯಾರು ಹೇಳಿದರೂ ಜೇನುತುಪ್ಪ ಮಾತ್ರ ನೆಕ್ಕಿಸಬೇಡಿ. ವರ್ಷ ತುಂಬುವವರೆಗೆ ಅದು ಅಪಾಯ. ನೀರೂ ಈಗ ಬೇಡ.

ಹಾಲು ಸಾಲುತ್ತಿಲ್ಲ ಎಂಬ ಮಾತಿಗೆ ಸಾಕ್ಷಿ ಮಗುವಿನ ಡೈಪರಿನಲ್ಲಿದೆ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಸಂಜೆಯ ಹೊತ್ತು ಕೂಸುಗಳು ಅರ್ಧ ಗಂಟೆಗೊಮ್ಮೆ ಎದೆಗೆ ಬಾಯಿ ಹಾಕುವುದು ಸಾಮಾನ್ಯ. ಅದನ್ನು ಕೊರತೆಯೆಂದು ಕರೆದು, ಮೊದಲೇ ಬಳಲಿರುವ ತಾಯಿಯ ಮೇಲೆ ಇನ್ನೊಂದು ಅಪವಾದ ಹೊರಿಸುವುದು ಬೇಡ. ಅತ್ತೆಯ ಎದುರು ಈ ಮಾತನ್ನು ಹೆಂಡತಿ ಹೇಳುವುದಕ್ಕಿಂತ ನೀವು ಹೇಳಿದರೆ ಚೆಂದ. ನಯವಾಗಿಯೇ ಹೇಳಿ, ಅವರೂ ನಿದ್ದೆಗೆಟ್ಟಿದ್ದಾರೆ.

ಅಳುವಾಗ ಏನು ಮಾಡಬೇಕು? ಹಸಿವು, ಒದ್ದೆ, ಸೆಕೆ, ಚಳಿ ನಿಮಗೆ ಗೊತ್ತಿರುವುದೇ. ಒಂದನ್ನು ಮಾತ್ರ ಸೇರಿಸುತ್ತೇನೆ: ಕಾಲುಚೀಲ ತೆಗೆದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಹೆತ್ತ ಮೇಲೆ ತಾಯಿಯ ಕೂದಲು ಉದುರುವುದುಂಟು. ಒಂದೇ ಒಂದು ಎಳೆ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದರೂ ಕೂಸು ಗಂಟೆಗಟ್ಟಲೆ ಅರಚುತ್ತದೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಅಪರೂಪದ ಸಂಗತಿ, ಆದರೆ ನೋಡಲು ಅರ್ಧ ನಿಮಿಷ ಸಾಕು.

ಆಮೇಲೆ ನಡೆಯಿರಿ. ಇದರ ಬಗ್ಗೆ ಜಪಾನಿನ ಸಂಶೋಧಕರು ಮಾಡಿದ ಪುಟ್ಟ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಬಂತು. ಅಳುವ ಕೂಸನ್ನು ಎದೆಗವಚಿಕೊಂಡು ನಿಲ್ಲದೆ, ಗಕ್ಕನೆ ತಿರುಗದೆ ಐದು ನಿಮಿಷ ನಡೆಯುವುದು. ನಿದ್ದೆ ಹತ್ತಿದರೂ ತಕ್ಷಣ ಮಲಗಿಸದೆ, ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕುಳಿತಿದ್ದು, ಆಮೇಲೆ ಇಳಿಸುವುದು. ನಾವೆಲ್ಲ ಎಡವುವುದು ಎರಡನೆಯ ಭಾಗದಲ್ಲಿ. ಕಣ್ಣು ಮುಚ್ಚಿತೋ ಇಲ್ಲವೋ, ಕಳ್ಳರಂತೆ ತೊಟ್ಟಿಲ ಕಡೆ ಹೆಜ್ಜೆಯಿಡುತ್ತೇವೆ. ಬೆನ್ನಿಗೆ ಹಾಸಿಗೆ ತಾಗುವ ಮೊದಲೇ ಎರಡೂ ಕೈಗಳು ಗರಿಬಿಚ್ಚಿದಂತೆ ಅಗಲಿ, ಮತ್ತೆ ಮೊದಲಿನಿಂದ. ಕುಳಿತುಕೊಂಡು ಕಾಯಿರಿ. ಉಸಿರು ಒಂದೇ ಸಮನಾದ ಮೇಲೆ ಇಳಿಸಿ, ಎದೆಯ ಮೇಲೆ ಅಂಗೈಯನ್ನು ಸ್ವಲ್ಪ ಹೊತ್ತು ಹಾಗೇ ಬಿಡಿ. ಕುಳಿತಲ್ಲೇ ನಿಮಗೆ ತೂಕಡಿಕೆ ಬಂದರೆ ಮಾತ್ರ ಎದ್ದು ಮಗುವನ್ನು ಅದರ ಜಾಗದಲ್ಲಿ ಮಲಗಿಸಿಬಿಡಿ. ಸೋಫಾದಲ್ಲಿ ಮಗುವಿನೊಂದಿಗೆ ನಿದ್ದೆಹೋಗುವುದು ನಿಜಕ್ಕೂ ಅಪಾಯ.

ಎತ್ತಿಕೊಂಡರೆ ಕೈಮಗುವಾಗಿಬಿಡುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ವಯಸ್ಸಿನಲ್ಲಿ ಮುದ್ದಿನಿಂದ ಕೆಡುವ ಮಗು ಇಲ್ಲ. ಅಳದಿರುವಾಗಲೂ ಎತ್ತಿಕೊಳ್ಳುತ್ತ, ದಿನಕ್ಕೆ ಮೂರು ಗಂಟೆಯಾದರೂ ಹೊತ್ತು ತಿರುಗುವಂತೆ ತಾಯಂದಿರಿಗೆ ಹೇಳಿ ನೋಡಿದ 1986ರ ಅಧ್ಯಯನವೊಂದರಲ್ಲಿ, ಆರನೆಯ ವಾರದ ಅಳು ಉಳಿದ ಮಕ್ಕಳಿಗಿಂತ 43 ಪ್ರತಿಶತ ಕಡಿಮೆಯಾಗಿತ್ತು. ಅವು ಮಾಮೂಲಿ ಮಟ್ಟದಲ್ಲಿ ಅಳುವ ಮಕ್ಕಳು. ಕೋಲಿಕ್ ಇರುವ ಮಕ್ಕಳಲ್ಲಿ ಆ ಗುಣ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲವನ್ನೂ ಮಾಡಿದ ಮೇಲೂ ಅಳು ನಿಲ್ಲದ ಸಂಜೆಗಳು ಬರುತ್ತವೆ. ಅಂಥ ಸಂಜೆ ನೀವು ಸೋತಿರೆಂದು ಅರ್ಥವಲ್ಲ.

ಈಗ ಆ ಬಾಗಿಲು. ಮುಂದಿನ ಸಾಲುಗಳನ್ನು ಹೆಂಡತಿಗೂ ಓದಿ ಹೇಳಿ. ನೀವು ಮಾಡಿದ್ದು ಸರಿ. ಕೈ ನಡುಗುವಷ್ಟು ಸಿಟ್ಟು ಬಂದಾಗ ಕೂಸನ್ನು ಅಂಗಾತ, ಹೊದಿಕೆ ದಿಂಬುಗಳಿಲ್ಲದ ಜಾಗದಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು ಹತ್ತು ನಿಮಿಷ ಹೊರಗಿರುವುದನ್ನು ಮಕ್ಕಳ ವೈದ್ಯರೇ ಹೇಳಿಕೊಡುತ್ತಾರೆ. ಹತ್ತು ನಿಮಿಷದ ಅಳುವಿನಿಂದ ಯಾವ ಮಗುವಿಗೂ ಹಾನಿಯಿಲ್ಲ. ಎತ್ತಿ ಒಂದೇ ಒಂದು ಸಲ ಜೋರಾಗಿ ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಹಾಗೆ ಅಲುಗಾಡಿಸುವವರಲ್ಲಿ ಹೆಚ್ಚಿನವರ ತಾಳ್ಮೆ ತಪ್ಪುವುದು ನಿಲ್ಲದ ಅಳುವಿನ ಎದುರಿಗೇ. ನಿಮ್ಮ ತಪ್ಪು ಒಂದೇ: ಹೇಳದೆ ಹೋದದ್ದು. 'ನನ್ನಿಂದ ಈಗ ಆಗುತ್ತಿಲ್ಲ, ಹತ್ತು ನಿಮಿಷ ಬಿಟ್ಟು ಬರುತ್ತೇನೆ' ಎಂದಿದ್ದರೆ ಸಾಕಿತ್ತು. ಆಕೆಗೆ ಕಂಡದ್ದು ಮುಚ್ಚಿದ ಬಾಗಿಲು ಮಾತ್ರ.

ಪ್ರೀತಿಯ ಮಾತು. ನನ್ನ ಎರಡನೆಯ ಮಗ ಹುಟ್ಟಿದ ಮೊದಲ ತಿಂಗಳಲ್ಲಿ ಅವನ ಮುಖ ಹೇಗಿತ್ತೆಂದು ನನಗೆ ನೆನಪಿಲ್ಲ. ಹಾಲೂಡಿಸುವಾಗಲೆಲ್ಲ ಎದುರು ಗೋಡೆಯ ಗಡಿಯಾರ ನೋಡುತ್ತಿದ್ದೆ. ಅದರ ಸೆಕೆಂಡಿನ ಮುಳ್ಳು ಏಳರ ಹತ್ತಿರ ಒಂಚೂರು ತಡೆದು ಮುಂದೆ ಹೋಗುತ್ತಿದ್ದುದು ಚೆನ್ನಾಗಿ ನೆನಪಿದೆ. ಹೆತ್ತವಳ ಕಥೆಯೇ ಹೀಗಿದ್ದರೆ ನಿಮ್ಮದು ಯಾವ ಲೆಕ್ಕ? ಕೂಸು ಮುಖ ನೋಡಿ ನಗಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ನೀವು ಕೊಡುತ್ತಲೇ ಇರುತ್ತೀರಿ, ಆ ಕಡೆಯಿಂದ ಒಂದು ರಸೀದಿಯೂ ಬರುವುದಿಲ್ಲ.

ಆದರೂ ಒಂದು ಪ್ರಶ್ನೆ ಕೇಳದೆ ಬಿಡಲಾರೆ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರುತ್ತಿಲ್ಲವೇ? ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡವೆನಿಸಿ ಎರಡು ವಾರ ಮೀರಿತೇ? ಹೆರಿಗೆಯ ಸುತ್ತಮುತ್ತಲಿನ ಖಿನ್ನತೆ ತಾಯಂದಿರಿಗಷ್ಟೇ ಸೀಮಿತವಲ್ಲ, ಹತ್ತು ಅಪ್ಪಂದಿರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಹೌದೆಂದಾದರೆ ವೈದ್ಯರಲ್ಲಿಗೆ ಹೋಗಿ. ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕೆಂಬ ಯೋಚನೆ ಇಬ್ಬರಲ್ಲಿ ಯಾರಿಗೆ ಬಂದರೂ ಅಂದೇ, ಆ ಗಳಿಗೆಯಲ್ಲೇ ಹೋಗಬೇಕು. ಹೆಂಡತಿಯನ್ನೂ ಇದೇ ಪ್ರಶ್ನೆ ಕೇಳಿ. 'ಹೇಗಿದ್ದೀಯ' ಎಂದು ಬಾಯುಪಚಾರಕ್ಕೆ ಕೇಳಿದರೆ ಆಕೆ 'ಚೆನ್ನಾಗಿದ್ದೇನೆ' ಎಂದುಬಿಡುತ್ತಾಳೆ.

ವೈದ್ಯರು ತೊಂದರೆಯಿಲ್ಲ ಎಂದದ್ದು ಆ ದಿನದ ಮಟ್ಟಿಗೆ. ಮೈ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಹಸಿರು ವಾಂತಿಯಾದರೆ, ಉಸಿರಾಟ ಕಷ್ಟವಾದರೆ, ಹಾಲು ಬೇಡವೆಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಅಳುವಿನ ದನಿಯೇ ಬೇರೆಯಾಗಿ ಕೇಳಿದರೆ ಬೆಳಗಾಗಲೆಂದು ಕಾಯಬೇಡಿ.

ಇನ್ನು ಕಾರು. ಹೇಳಿ. ಇಪ್ಪತ್ತು ನಿಮಿಷ ನಿಮಗೆ ಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅದನ್ನು ನೀವು ಯಾರ ಪಾಲಿನಿಂದ ತೆಗೆದುಕೊಳ್ಳುತ್ತಿದ್ದೀರಿ ನೋಡಿ. ನೀವು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕುಳಿತಿರುವ ಹೊತ್ತಿಗೆ ಮೇಲೆ ಒಬ್ಬಾಕೆ ಬೆಳಗಿನಿಂದ ಕೂಸು ಹೊತ್ತು, ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ನಿಂತಿರುತ್ತಾಳೆ. ಹೋಗಿ ಕೂರಲು ಆಕೆಗೆ ಕಾರಿಲ್ಲ. ನನ್ನ ಸಲಹೆ ಇಷ್ಟು: ನೀವು ನೇರ ಮೇಲೆ ಹೋಗಿ, ಕೈ ತೊಳೆದು ಮಗುವನ್ನು ತೆಗೆದುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಆಕೆಯದು; ಆ ಹೊತ್ತಿನಲ್ಲಿ ಆಕೆ ಸ್ನಾನ ಮಾಡಲಿ, ಬೀದಿ ಸುತ್ತಿ ಬರಲಿ, ಗೋಡೆ ನೋಡುತ್ತ ಕೂರಲಿ, ಲೆಕ್ಕ ಕೇಳಬೇಡಿ. ಆಮೇಲಿನ ಇಪ್ಪತ್ತು ನಿಮಿಷ ನಿಮ್ಮದು, ಬೇಕಿದ್ದರೆ ಕಾರಿನಲ್ಲೇ. ರಾತ್ರಿ ಒಂಬತ್ತಕ್ಕೆ ಹಾಲೂಡಿಸಿ ಆಕೆ ಬೇರೆ ಕೋಣೆಯಲ್ಲಿ ಮಲಗಲಿ. ಮುಂದಿನ ಸಲ ಹಾಲು ಬೇಕಾಗುವವರೆಗಿನ ಎತ್ತುವುದು, ತಟ್ಟುವುದು, ಬಟ್ಟೆ ಬದಲಿಸುವುದು ನಿಮ್ಮದು. ಅತ್ತೆಗೂ ಒಂದು ಸರದಿ ಕೊಡಿ.

ಹೇಳುವಾಗ ಪೀಠಿಕೆ ಬೇಡ. 'ದಿನಾ ಇಪ್ಪತ್ತು ನಿಮಿಷ ಕೆಳಗೆ ಕಾರಿನಲ್ಲಿ ಕುಳಿತಿರುತ್ತಿದ್ದೆ. ಮೇಲೆ ಬರಲು ಹೆದರಿಕೆಯಾಗುತ್ತಿತ್ತು.' ಇಷ್ಟೇ ಹೇಳಿ ನಿಲ್ಲಿಸಿ. ಆಕೆಗೆ ಸಿಟ್ಟು ಬರಬಹುದು. ಬರಲಿ, ಎದುರು ವಾದ ಹೂಡಬೇಡಿ. ನಡುವೆ ಒಳಗಿನಿಂದ ಅಳು ಕೇಳಿದರೆ, ಈ ಸಲ ನೀವು ಏಳಿ.