ಕ್ಯಾವನಾ ನೇಮಕ: 51–49 ಸರಿಯೋ, 50–48 ಸರಿಯೋ?
ಬ್ರೆಟ್ ಕ್ಯಾವನಾ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಬಗೆಗಿನ ನಿಮ್ಮ ಪ್ರಬಂಧಕ್ಕಾಗಿ ಹುಡುಕಿದಾಗ ಸಿಕ್ಕ ಈ ಎರಡೂ ಅಂಕಿಗಳು ಸರಿಯೇ; ಅವು ಎರಡು ಬೇರೆ ಬೇರೆ ಮತದಾನಗಳಿಗೆ ಸೇರಿದವು ಎಂಬುದೇ ಬಹುಶಃ ಗೊಂದಲಕ್ಕೆ ಕಾರಣ. 51–49 ಎಂಬುದು 2018ರ ಅಕ್ಟೋಬರ್ 5ರಂದು ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ) ಈ ನೇಮಕದ ಚರ್ಚೆಯನ್ನು ಮುಗಿಸಿ ಅಂತಿಮ ಮತಕ್ಕೆ ಹೋಗಲು ಹಾಕಿದ ಮತ. 50–48 ಎಂಬುದು ಮರುದಿನ ಬ್ರೆಟ್ ಕ್ಯಾವನಾ ಅವರನ್ನು ಸುಪ್ರೀಂ ಕೋರ್ಟಿಗೆ ದೃಢೀಕರಿಸಿದ ಮತ. ಬೆಂಬಲಿಸಬೇಕಿದ್ದ ರಿಪಬ್ಲಿಕನ್ ಸೆನೆಟರ್ ಸ್ಟೀವ್ ಡೇನ್ಸ್ ಮಗಳ ಮದುವೆಗೆ ಹೋಗಿದ್ದರಿಂದ, ವಿರೋಧಿಸಲಿದ್ದ ಅದೇ ಪಕ್ಷದ ಲೀಸಾ ಮರ್ಕೌಸ್ಕಿ ಅವರು ಸೌಜನ್ಯಕ್ಕಾಗಿ ‘ಹಾಜರಿದ್ದೇನೆ’ ಎಂದಷ್ಟೇ ಹೇಳಿದರು. ಹೀಗೆ ಎರಡೂ ಕಡೆ ಒಂದೊಂದು ಮತ ಕಡಿಮೆಯಾಯಿತು.

ಆದ್ದರಿಂದ ಮೊದಲು 50–48 ಅನ್ನೇ ಅಂತಿಮ ಫಲಿತಾಂಶವೆಂದು ದಿನಾಂಕದೊಂದಿಗೆ ಬರೆಯಿರಿ. ಬಳಿಕ 1991ರಲ್ಲಿ ಇದೇ ಕೋರ್ಟಿಗೆ ನೇಮಕವಾದ ಕ್ಲಾರೆನ್ಸ್ ಥಾಮಸ್ ಕುರಿತ ಸಾಲನ್ನು ತಿದ್ದಿ: ಅನಿತಾ ಹಿಲ್ ಮಾಡಿದ ಲೈಂಗಿಕ ಕಿರುಕುಳದ ಆರೋಪದ ನಂತರವೂ ಥಾಮಸ್ 52–48ರಿಂದ ಗೆದ್ದದ್ದು 11 ಡೆಮಾಕ್ರಟರ ಬೆಂಬಲದಿಂದ, ಹಾಗಾಗಿ ನೀವು ಬರೆದಂತೆ ಅದನ್ನು ಶುದ್ಧ ಪಕ್ಷವಾರು ಮತ ಎನ್ನಲಾಗದು. 2018ರಲ್ಲಿ ಹಾಗೆ ಗೆರೆ ದಾಟಿ ಬೆಂಬಲಿಸಿದ ಡೆಮಾಕ್ರಟರು ಜೋ ಮ್ಯಾಂಚಿನ್ ಒಬ್ಬರೇ. ವ್ಯತ್ಯಾಸ ಇರುವುದೇ ಇಲ್ಲಿ. ಕೊನೆಗೆ, ಕ್ಯಾವನಾ ವಿರುದ್ಧ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಮಾಡಿದ ಲೈಂಗಿಕ ದೌರ್ಜನ್ಯದ ಆರೋಪ ‘ಸುಳ್ಳೆಂದು ಸಾಬೀತಾಯಿತು’ ಎಂಬ ವಾಕ್ಯವನ್ನು ತೆಗೆದುಹಾಕಿ, ಏಕೆಂದರೆ ಆರೋಪ ನಿಜವೋ ಸುಳ್ಳೋ ಎಂಬುದನ್ನು ಸೆನೆಟ್ಟಿನ ಮತದಿಂದ ನಿರ್ಣಯಿಸಲು ಬರುವುದಿಲ್ಲ.